ಡೆಕೇಡ್ ಬಾಕ್ಸ್‌ನಲ್ಲಿ 127.8 ಇಟ್ಟರೆ ನಿಜಕ್ಕೂ 127.8 ಓಂ ಸಿಗುತ್ತಾ?

ಪ್ರಶ್ನೆ: ನಾನು ಒಂದು ಹಾಲಿನ ಡೇರಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಪಾಶ್ಚರೈಸರ್‌ನ ತಾಪಮಾನ ಮೀಟರ್ ಸರಿ ಇದೆಯಾ ಅಂತ ನೋಡಲು ಪಿಟಿ100 ಸೆನ್ಸರ್ ಬಿಚ್ಚಿ, ಆ ಜಾಗಕ್ಕೆ ಡೆಕೇಡ್ ರೆಸಿಸ್ಟೆನ್ಸ್ ಬಾಕ್ಸ್ (ನಾಬ್ ತಿರುಗಿಸಿ ಬೇಕಾದಷ್ಟು ಓಂ ರೋಧ ಇಡುವ ಪೆಟ್ಟಿಗೆ) ಜೋಡಿಸಿದೆ. ಮೂರು ಮೀಟರ್ ಉದ್ದದ ಎರಡು ವೈರ್ ಎಳೆದೆ, ಅರ್ಧ ಸ್ಕ್ವೇರ್ ಎಂಎಂ ದಪ್ಪದ್ದು. ಮೂರನೇ ಟರ್ಮಿನಲ್ ಅನ್ನು ಮೀಟರ್ ಹತ್ತಿರವೇ ಲಿಂಕ್ ಮಾಡಿದೆ. ಬಾಕ್ಸ್‌ನಲ್ಲಿ 127.8 ಓಂ ಇಟ್ಟರೆ ಮೀಟರ್ 73.3 ಡಿಗ್ರಿ ತೋರಿಸುತ್ತದೆ. ಟೇಬಲ್ ಪ್ರಕಾರ 72 ಬರಬೇಕಿತ್ತು. ಮಲ್ಟಿಮೀಟರ್‌ನಲ್ಲಿ ಬಾಕ್ಸ್ ಅಳೆದರೆ 128.3 ಓಂ. ಎಲ್ಲ ನಾಬ್ ಸೊನ್ನೆಗೆ ತಿರುಗಿಸಿದರೂ 0.5 ಓಂ. ಪ್ರೋಬ್ ಎರಡನ್ನೂ ಒಂದಕ್ಕೊಂದು ಮುಟ್ಟಿಸಿದರೆ 0.2. ಮೀಟರ್‌ನ ಆಫ್‌ಸೆಟ್ (ತೋರಿಸುವ ಅಂಕಿಗೆ ಕೂಡಿಸುವ ತಿದ್ದುಪಡಿ) ಮೈನಸ್ 1.3 ಹಾಕಿಬಿಡು ಅಂತ ಸೀನಿಯರ್ ಹೇಳುತ್ತಿದ್ದಾರೆ. ಹಾಕಲಾ? ಇದೇ ಬಾಕ್ಸ್‌ನಿಂದ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್), ಅರ್ತ್ ಟೆಸ್ಟರ್ (ಅರ್ತಿಂಗ್‌ನ ರೋಧ ಅಳೆಯುವ ಮೀಟರ್) ಕೂಡ ಚೆಕ್ ಮಾಡಬಹುದಾ? ಬಾಕ್ಸ್‌ಗೆ ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ ಬೇಕೇ ಬೇಕಾ?

ಉತ್ತರ: ಆಫ್‌ಸೆಟ್ ಮುಟ್ಟಬೇಡಿ. ನೀವು ಕೊಟ್ಟಿರುವ ಅಂಕಿಗಳನ್ನೇ ಕೂಡಿಸಿ ನೋಡಿದರೆ, ನಿಮ್ಮ ಮೀಟರ್ ಬಹುಮಟ್ಟಿಗೆ ಸರಿಯಾಗಿಯೇ ಇದೆ. ತಪ್ಪು ಇರುವುದು ಬಾಕ್ಸ್ ಮತ್ತು ಅದನ್ನು ಜೋಡಿಸಿದ ರೀತಿಯಲ್ಲಿ. ಸೊನ್ನೆಯಲ್ಲಿ ಅಳೆದದ್ದನ್ನೂ ಪ್ರೋಬ್ ಮುಟ್ಟಿಸಿ ನೋಡಿದ್ದನ್ನೂ ನೀವು ಬರೆದಿದ್ದೀರಿ. ಇದರಿಂದ ನನ್ನ ಕೆಲಸ ಸುಲಭವಾಯಿತು. ಆ ಎರಡು ಅಂಕಿ ಇಲ್ಲದಿದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ.

ಲೆಕ್ಕ ಹಾಕೋಣ. ಪಿಟಿ100 ಅಂದರೆ ಸೊನ್ನೆ ಡಿಗ್ರಿಯಲ್ಲಿ 100 ಓಂ, 100 ಡಿಗ್ರಿಯಲ್ಲಿ 138.51 ಓಂ ಇರುವ ಪ್ಲಾಟಿನಂ ಸೆನ್ಸರ್. ಇದು ಐಇಸಿ 60751 ಎಂಬ ಮಾನದಂಡದ ಟೇಬಲ್. ಅದರ ಪ್ರಕಾರ 72 ಡಿಗ್ರಿಗೆ 127.84 ಓಂ. ಆ ತಾಪಮಾನದ ಆಸುಪಾಸಿನಲ್ಲಿ ಒಂದು ಡಿಗ್ರಿಗೆ 0.38 ಓಂ ಬದಲಾಗುತ್ತದೆ. ನಿಮ್ಮ ಬಾಕ್ಸ್‌ನಲ್ಲಿ 0.1 ಓಂಗಿಂತ ಚಿಕ್ಕ ನಾಬ್ ಇಲ್ಲ ಅಂತ ಕಾಣುತ್ತದೆ. ಹಾಗಾಗಿ 127.84 ಬದಲು 127.8 ಇಟ್ಟಿದ್ದೀರಿ. ಅದು 72 ಅಲ್ಲ, 71.9 ಡಿಗ್ರಿ. ಸಣ್ಣ ವ್ಯತ್ಯಾಸ ನಿಜ, ಆದರೂ ಲೆಕ್ಕದಲ್ಲಿ ಇರಲಿ.

ಈಗ ಬಾಕ್ಸ್. ಸೊನ್ನೆಯಲ್ಲಿ 0.5 ಓಂ, ಅದರಲ್ಲಿ ಪ್ರೋಬ್‌ಗಳದ್ದು 0.2. ಉಳಿದ 0.3 ಓಂ ಬಾಕ್ಸ್‌ನ ಒಳಗೇ ಇದೆ. ಇದನ್ನು ಉಳಿಕೆ ರೋಧ ಅನ್ನಬಹುದು. ಎಲ್ಲ ನಾಬ್ ಸೊನ್ನೆಯಲ್ಲಿದ್ದಾಗಲೂ ಕರೆಂಟ್ ಎಲ್ಲ ಸ್ವಿಚ್‌ಗಳ ಕಾಂಟ್ಯಾಕ್ಟ್ ದಾಟಿ, ಒಳಗಿನ ವೈರ್ ದಾಟಿ ಹೊರಗೆ ಬರಬೇಕು. ಆ ದಾರಿಗೂ ಒಂದಿಷ್ಟು ಓಂ ಇರುತ್ತದೆ. 127.8 ಜೊತೆ ಈ 0.3 ಮತ್ತು ಪ್ರೋಬ್‌ನ 0.2 ಸೇರಿಸಿ: 128.3. ಮಲ್ಟಿಮೀಟರ್ ತೋರಿಸಿದ್ದೂ ಅದೇ.

ಇನ್ನು ವೈರ್. ಅರ್ಧ ಸ್ಕ್ವೇರ್ ಎಂಎಂ ತಾಮ್ರದ ವೈರ್‌ಗೆ ಮೀಟರಿಗೆ ಸುಮಾರು 36 ಮಿಲಿಓಂ. ಹೋಗಿ ಬರುವ ದಾರಿ ಆರು ಮೀಟರ್. ಅಲ್ಲಿಗೆ ಹತ್ತಿರ ಹತ್ತಿರ 0.22 ಓಂ. ಒಟ್ಟು ಮೀಟರ್ ನೋಡಿದ್ದು 127.8 + 0.3 + 0.22, ಅಂದರೆ 128.32 ಓಂ. ಟೇಬಲ್‌ನಲ್ಲಿ ಅದಕ್ಕೆ 73.3 ಡಿಗ್ರಿ. ನಿಮ್ಮ ಮೀಟರ್ ಹೇಳಿದ್ದೂ 73.3. ಅದು ತನ್ನ ಎದುರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅಲ್ವಾ?

ಸೀನಿಯರ್ ಹೇಳಿದ ಹಾಗೆ ಮೈನಸ್ 1.3 ಹಾಕಿದರೆ ಏನಾಗುತ್ತದೆ ಅಂತ ಯೋಚಿಸಿ. ಬಾಕ್ಸ್ ತೆಗೆದು ಸೆನ್ಸರ್ ಮತ್ತೆ ಹಾಕುತ್ತೀರಿ. ಸೆನ್ಸರ್ ಮೂರು ವೈರ್‌ನಲ್ಲಿ ಸರಿಯಾಗಿ ಬಂದಿರುತ್ತದೆ. ಹಾಲು ನಿಜಕ್ಕೂ 72 ಡಿಗ್ರಿಗೆ ಬಂದಾಗ ಡಿಸ್‌ಪ್ಲೇ 70.7 ಅನ್ನುತ್ತದೆ. ಫ್ಲೋ ಡೈವರ್ಷನ್ ವಾಲ್ವ್ ಹಾಲನ್ನು ವಾಪಸ್ ತಿರುಗಿಸುತ್ತದೆ. ಆಪರೇಟರ್ ಸ್ಟೀಮ್ ಹೆಚ್ಚಿಸುತ್ತಾರೆ. ಅಂದಿನಿಂದ ಪ್ರತಿ ದಿನ ಹಾಲು 1.3 ಡಿಗ್ರಿ ಜಾಸ್ತಿ ಕಾಯುತ್ತದೆ. ಸ್ಟೀಮ್ ಖರ್ಚು ಹೆಚ್ಚು, ಪ್ಲೇಟ್‌ಗಳ ಮೇಲೆ ಹಾಲು ಕಟ್ಟುವುದೂ ಹೆಚ್ಚು.

ಇದಾದರೂ ನಷ್ಟದ ಮಾತು. ಇದರ ಉಲ್ಟಾ ಪರಿಸ್ಥಿತಿ ಅಪಾಯದ್ದು. ಮೂರು ವೈರ್ ಜೋಡಣೆಯಲ್ಲಿ ಮೀಟರ್ ಒಂದು ವೈರ್‌ನ ರೋಧವನ್ನು ಅಳೆದು ಇನ್ನೊಂದರಿಂದ ಕಳೆಯುತ್ತದೆ. ಕಳೆಯುವ ಕಡೆಯ ವೈರ್‌ನ ಸ್ಕ್ರೂ ಸಡಿಲ ಇದ್ದು ಅಲ್ಲೇ ಅರ್ಧ ಓಂ ಸೇರಿಕೊಂಡಿತು ಅಂದುಕೊಳ್ಳಿ. ಆಗ ಮೀಟರ್ 1.3 ಡಿಗ್ರಿ ಕಡಿಮೆ ತೋರಿಸುತ್ತದೆ. ಟೆಕ್ನಿಷಿಯನ್ ಪ್ಲಸ್ 1.3 ಆಫ್‌ಸೆಟ್ ಹಾಕುತ್ತಾರೆ. ಆಮೇಲೆ ಸೆನ್ಸರ್ ಹಾಕಿ ಸ್ಕ್ರೂ ಬಿಗಿ ಮಾಡಿದಾಗ ಡಿಸ್‌ಪ್ಲೇ 72 ಅನ್ನುತ್ತದೆ, ಹಾಲು ಮಾತ್ರ 70.7ರಲ್ಲಿ ಇರುತ್ತದೆ. ಪಾಶ್ಚರೀಕರಣಕ್ಕೆ ಕನಿಷ್ಠ 72 ಡಿಗ್ರಿಯಲ್ಲಿ 15 ಸೆಕೆಂಡ್ ಬೇಕು. ಆ ಹಾಲು ಮಕ್ಕಳಿರುವ ಮನೆಗೆ ಹೋಗುತ್ತದೆ. ಆದ್ದರಿಂದಲೇ ಆಫ್‌ಸೆಟ್ ಮುಟ್ಟುವ ಮೊದಲು ಬಾಕ್ಸ್ ಮೇಲೆ ಅನುಮಾನ ಪಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಈಗ ಸರಿಯಾಗಿ ಮಾಡುವುದು ಹೇಗೆ ಅಂತ ನೋಡೋಣ. ಮೊದಲ ಕೆಲಸ ತೀರಾ ಸರಳ. ಏನನ್ನೂ ಜೋಡಿಸದೆ ಪ್ರತಿ ನಾಬನ್ನೂ ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸಿ. ಶೆಲ್ಫ್‌ನಲ್ಲಿ ತಿಂಗಳುಗಟ್ಟಲೆ ಕೂತ ಬಾಕ್ಸ್‌ನ ಕಾಂಟ್ಯಾಕ್ಟ್ ಮೇಲೆ ತೆಳುವಾಗಿ ಕಿಲುಬು ಕಟ್ಟಿರುತ್ತದೆ. ತಿರುಗಿಸಿದಾಗ ಅದು ಉಜ್ಜಿ ಹೋಗುತ್ತದೆ. ಡೇರಿಯಂಥ ತೇವದ ಜಾಗದಲ್ಲಿ ಇದು ಇನ್ನೂ ಮುಖ್ಯ. ಎಷ್ಟೋ ಸಲ ಇಷ್ಟರಲ್ಲೇ ಉಳಿಕೆ ರೋಧ ಅರ್ಧಕ್ಕೆ ಇಳಿದದ್ದನ್ನು ನಾನು ನೋಡಿದ್ದೇನೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆಯಬೇಡಿ. ಅದರ ಎಣ್ಣೆ ಅಂಶ ಇನ್ಸುಲೇಷನ್ ಮೇಲೆ ಹರಡಿ ಕೂತರೆ ಮೇಲಿನ ದೊಡ್ಡ ಓಂಗಳು ಕೆಡುತ್ತವೆ.

ನಂತರ ಉಳಿಕೆಯನ್ನು ಅಳೆಯಿರಿ. ಕೈಯಲ್ಲಿ ಹಿಡಿಯುವ ಮಲ್ಟಿಮೀಟರ್‌ನ ಓಂ ರೇಂಜ್ ಇದಕ್ಕೆ ಸಾಲದು. 0.1 ಓಂ ಹೆಜ್ಜೆಯಲ್ಲಿ ತೋರಿಸುವ ಮೀಟರ್‌ಗೆ ಕೊನೆಯ ಅಂಕಿ ಎರಡು ಮೂರು ಹೆಚ್ಚು ಕಡಿಮೆ ಇರಬಹುದು. ಅಂದರೆ 0.3 ಅನ್ನುವುದೇ ಅಂದಾಜು. ಒಳ್ಳೆಯ ಬೆಂಚ್ ಮೀಟರ್ ಇದ್ದರೆ ನಾಲ್ಕು ವೈರ್‌ನಲ್ಲಿ (ಕರೆಂಟ್‌ಗೆ ಎರಡು, ವೋಲ್ಟೇಜ್ ಓದಲು ಎರಡು) ಅಳೆಯಿರಿ. ಇಲ್ಲದಿದ್ದರೆ ಹೀಗೆ ಮಾಡಿ. ಎಲ್ಲ ನಾಬ್ ಸೊನ್ನೆಯಲ್ಲಿ ಇಡಿ. ಕರೆಂಟ್ ಲಿಮಿಟ್ ಇರುವ ಪವರ್ ಸಪ್ಲೈನಿಂದ ಬಾಕ್ಸ್ ಮೂಲಕ 100 ಮಿಲಿಆಂಪ್ ಹರಿಸಿ. ಸಾಲಿನಲ್ಲಿ ಒಂದು ಆಮೀಟರ್ ಇರಲಿ. ಇನ್ನೊಂದು ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಹಾಕಿ, ಅದರ ಪ್ರೋಬ್‌ಗಳನ್ನು ಬಾಕ್ಸ್‌ನ ಟರ್ಮಿನಲ್ ಲೋಹಕ್ಕೇ ಒತ್ತಿ ಹಿಡಿಯಿರಿ, ಕರೆಂಟ್ ಬರುವ ಕ್ಲಿಪ್ ಮೇಲೆ ಅಲ್ಲ. 30 ಮಿಲಿವೋಲ್ಟ್ ಬಂದರೆ 0.30 ಓಂ. 0.1 ಮಿಲಿವೋಲ್ಟ್ ಓದುವ ಸಾಮಾನ್ಯ ಮೀಟರ್‌ನಲ್ಲೂ ಒಂದು ಮಿಲಿಓಂವರೆಗೆ ಕಾಣುತ್ತದೆ. ಪ್ರೋಬ್‌ನ ರೋಧ ಇದರಲ್ಲಿ ಸೇರುವುದೇ ಇಲ್ಲ, ಯಾಕಂದರೆ ಕರೆಂಟ್ ಹರಿಯುವುದು ಬೇರೆ ವೈರ್‌ನಲ್ಲಿ. ಕರೆಂಟ್ ಇರುವಾಗ ಮಾತ್ರ ಯಾವ ನಾಬನ್ನೂ ತಿರುಗಿಸಬೇಡಿ.

ಅಳೆಯುತ್ತಿರುವಾಗಲೇ ನಾಬ್‌ಗಳ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಮಿಲಿವೋಲ್ಟ್ ಅಲುಗಾಡದೆ ನಿಂತರೆ ನಿಮ್ಮ ಬಾಕ್ಸ್ ಬಳಸಲು ಯೋಗ್ಯ. 0.3 ಓಂ ಉಳಿಕೆ ಇದ್ದರೂ ಪರವಾಗಿಲ್ಲ, ಅದು ಗೊತ್ತಿರುವ ಅಂಕಿ, ಕಳೆದರೆ ಆಯಿತು. ತಟ್ಟಿದಾಗ 30 ಇದ್ದದ್ದು 45 ಆಗಿ ಮತ್ತೆ 25 ಆದರೆ ಆ ಸ್ವಿಚ್ ಸವೆದಿದೆ. ಆ ಬಾಕ್ಸನ್ನು ಪಿಟಿ100 ಕೆಲಸಕ್ಕೆ ಬಳಸಬೇಡಿ. ದೊಡ್ಡ ಆದರೆ ಸ್ಥಿರವಾದ ಉಳಿಕೆಯ ಜೊತೆ ಕೆಲಸ ಮಾಡಬಹುದು. ಚಿಕ್ಕದಾದರೂ ಅಲುಗಾಡುವ ಉಳಿಕೆಯ ಜೊತೆ ಆಗುವುದಿಲ್ಲ.

ಇದೇ ಕಾರಣಕ್ಕೆ ಅನೇಕ ತಯಾರಕರು ಬಾಕ್ಸ್‌ನ ನಿಖರತೆಯನ್ನು ಸೊನ್ನೆ ಸ್ಥಾನದಿಂದ ಆಗುವ ಬದಲಾವಣೆಗೆ ಮಾತ್ರ ಹೇಳುತ್ತಾರೆ. ಕ್ಯಾಟಲಾಗ್‌ನಲ್ಲಿ 0.05 ಶೇಕಡಾ ಅಂತ ಇದ್ದರೆ ಅದರಲ್ಲಿ ಉಳಿಕೆ ಸೇರಿಲ್ಲದೆ ಇರಬಹುದು. ಅದನ್ನು ಕೆಳಗೆ ಬೇರೆ ಸಾಲಿನಲ್ಲಿ ಬರೆದಿರುತ್ತಾರೆ. ಆ ಸಾಲನ್ನು ಯಾರೂ ಓದುವುದಿಲ್ಲ. ದಯವಿಟ್ಟು ನೀವು ಓದಿ.

ಮುಂದೆ ಜೋಡಣೆ. ಸೆನ್ಸರ್ ಹತ್ತಿರದ ಹೆಡ್‌ನಲ್ಲಿ, ಅಂದರೆ ವೈರ್ ಜೋಡಿಸುವ ಡಬ್ಬಿಯಲ್ಲಿ, ವೈರ್ ಬಿಚ್ಚಿದರೆ ಎಲ್ಲಕ್ಕಿಂತ ಒಳ್ಳೆಯದು. ಆಗ ಫ್ಯಾಕ್ಟರಿಯ ಉದ್ದದ ಕೇಬಲ್ ಕೂಡ ಪರೀಕ್ಷೆಯ ಒಳಗೆ ಬರುತ್ತದೆ. ಸಾಮಾನ್ಯವಾಗಿ ಒಂದು ಬಿಳಿ, ಎರಡು ಕೆಂಪು ವೈರ್ ಇರುತ್ತವೆ. ಎರಡು ಕೆಂಪು ವೈರ್‌ಗಳನ್ನೂ ಬಾಕ್ಸ್‌ನ ಒಂದೇ ಟರ್ಮಿನಲ್‌ಗೆ, ಬಿಳಿಯನ್ನು ಇನ್ನೊಂದಕ್ಕೆ ಬಿಗಿಯಿರಿ. ನಿಮ್ಮದೇ ವೈರ್ ಎಳೆಯುವುದಾದರೆ ಮೂರೂ ಒಂದೇ ಉದ್ದ, ಒಂದೇ ದಪ್ಪ ಇರಲಿ. ಲಿಂಕ್ ಯಾವಾಗಲೂ ಬಾಕ್ಸ್ ಕಡೆ ಇರಬೇಕು, ಮೀಟರ್ ಕಡೆ ಅಲ್ಲ. ನೀವು ಮಾಡಿದ ಒಂದೇ ತಪ್ಪು ಇದು. ಲಿಂಕ್ ಮೀಟರ್ ಹತ್ತಿರ ಹಾಕಿದ ಕೂಡಲೇ ಮೂರನೇ ವೈರ್‌ನಿಂದ ಸಿಗುವ ಪ್ರಯೋಜನ ಹೋಗುತ್ತದೆ, ಎರಡು ವೈರ್‌ನ ರೋಧ ಪೂರ್ತಿಯಾಗಿ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿ ಮೂರು ಮೀಟರ್ ಇತ್ತು, ಅರ್ಧ ಡಿಗ್ರಿಯಷ್ಟು ತಪ್ಪು ಬಂತು. ಹತ್ತು ಮೀಟರ್ ಇದ್ದಿದ್ದರೆ ಸುಮಾರು ಎರಡು ಡಿಗ್ರಿ ಆಗುತ್ತಿತ್ತು.

ಲಿಂಕನ್ನು ಬಾಕ್ಸ್ ಕಡೆಗೆ ಬದಲಾಯಿಸಿ 127.8 ಇಟ್ಟರೆ ನಿಮ್ಮ ಮೀಟರ್ 72.7ರ ಹತ್ತಿರ ಬರಬೇಕು. ಅಲ್ಲಿಗೆ ವೈರ್‌ನ ಪಾಲು ಹೋಯಿತು, ಬಾಕ್ಸ್‌ನ 0.3 ಉಳಿಯಿತು. ಈಗ ನಾಬನ್ನು 127.5ಕ್ಕೆ ತನ್ನಿ. ಟರ್ಮಿನಲ್‌ನಲ್ಲಿ ಸಿಗುವುದು 127.8. ಮೀಟರ್ 71.9 ತೋರಿಸಿದರೆ ಅದರ ಮೇಲೆ ದೂರು ಇಲ್ಲ.

ಒಂದೇ ಬಿಂದುವಿನಲ್ಲಿ ನಿಲ್ಲಿಸಬೇಡಿ. ಸೊನ್ನೆ ಡಿಗ್ರಿಗೆ 100.0, 50 ಡಿಗ್ರಿಗೆ 119.4, 100 ಡಿಗ್ರಿಗೆ 138.5 ಓಂ ಕೂಡ ನೋಡಿ, ಪ್ರತಿ ಸಲ ಉಳಿಕೆಯನ್ನು ಕಳೆದು. ಎಲ್ಲ ಕಡೆ ಒಂದೇ ಅಷ್ಟು ತಪ್ಪು ಬಂದರೆ ಅದು ಎಲ್ಲೋ ಸೇರಿಕೊಂಡ ರೋಧ ಅಥವಾ ಹಳೆಯ ಆಫ್‌ಸೆಟ್. ಮೇಲೆ ಹೋದಂತೆ ತಪ್ಪು ಬೆಳೆದರೆ ಮೀಟರ್‌ನ ಸ್ಪ್ಯಾನ್ (ಕೆಳಗಿನಿಂದ ಮೇಲಿನವರೆಗಿನ ಅಳತೆಯ ಪ್ರಮಾಣ) ಕೆಟ್ಟಿದೆ, ಇಲ್ಲವೇ ಮೆನುವಿನಲ್ಲಿ ಸೆನ್ಸರ್ ವಿಧ ತಪ್ಪಾಗಿ ಆರಿಸಲಾಗಿದೆ. ಪಿಟಿ100ರಲ್ಲೇ ಸ್ವಲ್ಪ ಬೇರೆ ಗುಣಾಂಕದ ಟೇಬಲ್‌ಗಳೂ ಇವೆ. ಒಂದೇ ಬಿಂದು ನೋಡಿದವರಿಗೆ ಈ ಎರಡರ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ಇನ್ನೊಂದು ಎಚ್ಚರಿಕೆ, ಇದು ನನಗೆ ಅನುಭವದಿಂದ ಬಂದದ್ದು. ಹಲವು ವರ್ಷಗಳ ಹಿಂದೆ ಒಂದು ಘಟಕದಲ್ಲಿ ಪ್ಲಾಂಟ್ ಓಡುತ್ತಿರುವಾಗ ಹೀಗೆ ಬಾಕ್ಸ್ ಹಾಕಿ ಹತ್ತರ ನಾಬ್ ತಿರುಗಿಸಿದೆ. ಇಂಟರ್‌ಲಾಕ್ (ಅಳತೆ ತಪ್ಪಿದರೆ ಲೈನ್ ತಾನಾಗಿ ನಿಲ್ಲಿಸುವ ರಕ್ಷಣೆ) ಬೈಪಾಸ್ ಆಗಿದೆ ಅಂತ ಹೇಳಿದ್ದರು, ಆಗಿರಲಿಲ್ಲ. ಇಡೀ ಲೈನ್ ಟ್ರಿಪ್ ಆಯಿತು. ಕಾರಣ ಸರಳ. ನಾಬ್ ಒಂದು ಸ್ಥಾನದಿಂದ ಇನ್ನೊಂದಕ್ಕೆ ಹೋಗುವಾಗ ಕೆಲವು ಸ್ವಿಚ್‌ಗಳು ಕ್ಷಣಕಾಲ ಪೂರ್ತಿ ತೆರೆದುಕೊಳ್ಳುತ್ತವೆ. ಮೀಟರ್‌ಗೆ ಅದು ಸೆನ್ಸರ್ ತುಂಡಾದಂತೆ ಕಾಣುತ್ತದೆ. ಸ್ವಿಚ್ ತೆರೆದುಕೊಳ್ಳದಿದ್ದರೂ ತೊಂದರೆ ತಪ್ಪುವುದಿಲ್ಲ. 129.9ರಿಂದ 130.0ಕ್ಕೆ ಹೋಗಬೇಕು ಅಂದುಕೊಳ್ಳಿ. ಮೊದಲು ಹತ್ತರ ನಾಬ್ ತಿರುಗಿಸಿದರೆ ನಡುವೆ 139.9 ಓಂ ಬರುತ್ತದೆ, ಅಂದರೆ 103 ಡಿಗ್ರಿ ದಾಟಿ ಹೋಯಿತು. ಮೊದಲು ಚಿಕ್ಕ ನಾಬ್‌ಗಳನ್ನು ಇಳಿಸಿದರೆ 50 ಡಿಗ್ರಿ ಹತ್ತಿರಕ್ಕೆ ಬೀಳುತ್ತದೆ. ಹಾಗಾಗಿ ಬೈಪಾಸ್ ಆಗಿದೆಯಾ ಅಂತ ನಿಮ್ಮ ಕಣ್ಣಿನಿಂದಲೇ ನೋಡಿ. ಸಾಧ್ಯವಾದರೆ ಪ್ಲಾಂಟ್ ನಿಂತಾಗ ಅಥವಾ ನೀರು ಓಡಿಸುವಾಗ ಮಾತ್ರ ಈ ಕೆಲಸ ಮಾಡಿ.

ನೀರು ಓಡುತ್ತಿರುವಾಗ ಬಾಕ್ಸ್‌ನಿಂದ ಮಾಡಬಹುದಾದ ಎರಡು ಪರೀಕ್ಷೆ ನನಗೆ ಬಹಳ ಇಷ್ಟ, ಮತ್ತು ಹೆಚ್ಚಿನವರು ಇವನ್ನು ಮಾಡುವುದೇ ಇಲ್ಲ. ಮೊದಲನೆಯದು ಡೈವರ್ಷನ್ ವಾಲ್ವ್ ನಿಖರವಾಗಿ ಯಾವ ತಾಪಮಾನದಲ್ಲಿ ತಿರುಗುತ್ತದೆ ಅನ್ನುವುದು. ನಿಮ್ಮ ಬಾಕ್ಸ್‌ನ ಉಳಿಕೆ 0.3 ಅಂತಲೇ ಇಟ್ಟುಕೊಳ್ಳೋಣ. ನಾಬ್ 127.9ರಲ್ಲಿ ಇಟ್ಟರೆ ಮೀಟರ್‌ಗೆ 72.9 ಡಿಗ್ರಿ. ಈಗ ದಶಾಂಶದ ನಾಬನ್ನು ಮಾತ್ರ ಒಂದೊಂದೇ ಹೆಜ್ಜೆ ಇಳಿಸಿ. ಪ್ರತಿ ಹೆಜ್ಜೆಗೆ 0.26 ಡಿಗ್ರಿ ಇಳಿಯುತ್ತದೆ. 127.0ಕ್ಕೆ ಬಂದಾಗ 70.6 ಆಗಿರುತ್ತದೆ. ಈ ನಡುವೆ ಬೇರೆ ಯಾವ ನಾಬನ್ನೂ ಮುಟ್ಟಬೇಕಾಗಿಲ್ಲ, ಅಡ್ಡಾದಿಡ್ಡಿ ಜಿಗಿತ ಇಲ್ಲ. ವಾಲ್ವ್ ಎಲ್ಲಿ ತಿರುಗಿತು ಅಂತ ಬರೆದುಕೊಳ್ಳಿ. ಆಮೇಲೆ ಹಾಗೇ ಮೇಲೆ ಏರಿಸುತ್ತಾ ಎಲ್ಲಿ ಮತ್ತೆ ಮುಂದಕ್ಕೆ ಬಿಟ್ಟಿತು ಅಂತ ಬರೆದುಕೊಳ್ಳಿ. 72ಕ್ಕಿಂತ ಕೆಳಗೆ ಇಳಿದ ಮೇಲೂ ವಾಲ್ವ್ ಮುಂದಕ್ಕೇ ಬಿಡುತ್ತಿದ್ದರೆ ಅಂದೇ ನಿಮ್ಮ ಕ್ವಾಲಿಟಿ ವಿಭಾಗಕ್ಕೆ ಹೇಳಬೇಕು.

ಎರಡನೆಯದು ಇನ್ನೂ ಸುಲಭ. ಬಾಕ್ಸ್‌ನಿಂದ ಬಿಳಿ ವೈರ್ ಬಿಚ್ಚಿಬಿಡಿ. ಮೀಟರ್ ಮೇಲಕ್ಕೆ ಓಡುತ್ತದಾ, ಕೆಳಕ್ಕೆ ಬೀಳುತ್ತದಾ? ಸೆನ್ಸರ್ ತುಂಡಾದಾಗ ಯಾವ ಕಡೆ ಹೋಗಬೇಕು ಅಂತ ಮೀಟರ್‌ನಲ್ಲಿ ಸೆಟ್ ಮಾಡಿರುತ್ತಾರೆ. ಮೇಲಕ್ಕೆ ಹೋಗುವ ಹಾಗೆ ಸೆಟ್ ಆಗಿದ್ದು, ಬೇರೆ ರಕ್ಷಣೆಯೂ ಇಲ್ಲದಿದ್ದರೆ, ಸೆನ್ಸರ್ ತುಂಡಾದ ದಿನ ಕಂಟ್ರೋಲರ್ ಹಾಲು ಚೆನ್ನಾಗಿ ಕಾದಿದೆ ಅಂತ ತಿಳಿದು ಸ್ಟೀಮ್ ಮುಚ್ಚುತ್ತದೆ, ವಾಲ್ವ್ ಹಾಲನ್ನು ಮುಂದಕ್ಕೆ ಬಿಡುತ್ತದೆ. ಪಾಶ್ಚರೈಸರ್‌ನಲ್ಲಿ ಅದು ಕೆಳಕ್ಕೇ ಬೀಳಬೇಕು. ಎರಡು ಕೆಂಪು ವೈರ್‌ಗಳನ್ನೂ ಒಂದೊಂದಾಗಿ ಬಿಚ್ಚಿ ನೋಡಿ, ಎಲ್ಲ ಸಲವೂ ಸುರಕ್ಷಿತ ಕಡೆಗೇ ಹೋಗುತ್ತದಾ ಅಂತ. ಐದು ನಿಮಿಷದ ಕೆಲಸ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಉಳಿದಿರುತ್ತದೆ. ಬಾಕ್ಸ್ ಸೆನ್ಸರ್‌ನ ಜಾಗದಲ್ಲಿ ಕೂತಿತ್ತು. ಅಂದರೆ ಸೆನ್ಸರ್ ಪರೀಕ್ಷೆ ಆಗಿಯೇ ಇಲ್ಲ. ಮೀಟರ್ ಸರಿ, ಕೇಬಲ್ ಸರಿ ಅನ್ನುವುದಷ್ಟೇ ನಮಗೆ ಗೊತ್ತಾಗಿದ್ದು. ಬಿ ದರ್ಜೆಯ ಪಿಟಿ100ಗೆ 72 ಡಿಗ್ರಿಯಲ್ಲಿ 0.66 ಡಿಗ್ರಿ ಆಚೀಚೆ ಇರಲು ಮಾನದಂಡವೇ ಬಿಡುತ್ತದೆ. ಎ ದರ್ಜೆಗೆ 0.29. ಸೆನ್ಸರ್‌ಗೆ ಐಸ್ ಪರೀಕ್ಷೆ ಮಾಡಿ. ಶುದ್ಧ ನೀರಿನ ಐಸನ್ನು ಚೆನ್ನಾಗಿ ಪುಡಿ ಮಾಡಿ, ಥರ್ಮಾಸ್ ಫ್ಲಾಸ್ಕ್‌ನಲ್ಲಿ ತುಂಬಿ, ಸಂದುಗಳು ಮುಚ್ಚುವಷ್ಟು ತಣ್ಣೀರು ಹಾಕಿ. ಸೆನ್ಸರ್ ಆಳಕ್ಕೆ ಇಳಿಸಿ ಹದಿನೈದು ನಿಮಿಷ ಬಿಡಿ. ಮೀಟರ್ ಸೊನ್ನೆಯ ಹತ್ತಿರ ನಿಲ್ಲಬೇಕು. ಕುದಿಯುವ ನೀರಿನಲ್ಲಿ 100 ಡಿಗ್ರಿ ನೋಡುತ್ತೇನೆ ಅಂತ ಹೊರಡಬೇಡಿ. ಬೆಂಗಳೂರು 900 ಮೀಟರ್‌ಗೂ ಎತ್ತರದಲ್ಲಿದೆ, ಅಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಮಂಗಳೂರಿನಲ್ಲಾದರೆ 100ರ ಹತ್ತಿರ. ಇದು ತಿಳಿಯದೆ ಒಳ್ಳೆಯ ಸೆನ್ಸರ್‌ಗಳನ್ನು ಬಿಸಾಡಿದವರನ್ನು ನಾನು ಕಂಡಿದ್ದೇನೆ. 72 ಡಿಗ್ರಿಯಲ್ಲಿ ನೋಡಲು ಕ್ಯಾಲಿಬ್ರೇಷನ್ ಬಾತ್ ಮತ್ತು ಸರ್ಟಿಫಿಕೇಟ್ ಇರುವ ಥರ್ಮಾಮೀಟರ್ ಬೇಕು.

ನಿಮ್ಮ ಮಲ್ಟಿಮೀಟರ್ ಬಗ್ಗೆ ಎರಡು ಮಾತು. ಅದು 128.3 ಅಂತ ನಾಲ್ಕು ಅಂಕಿ ತೋರಿಸಿತು. ಆದರೆ ಆ ವರ್ಗದ ಮೀಟರ್‌ಗಳ ಓಂ ನಿಖರತೆ ಸಾಮಾನ್ಯವಾಗಿ ಅರ್ಧ ಶೇಕಡಾದ ಆಸುಪಾಸು. 128 ಓಂನಲ್ಲಿ ಅರ್ಧ ಶೇಕಡಾ ಅಂದರೆ 0.64 ಓಂ, ತಾಪಮಾನದಲ್ಲಿ ಸುಮಾರು 1.7 ಡಿಗ್ರಿ. ಈ ಸಲ ಅದು ಸರಿಯಾಗಿ ಹೇಳಿತು. ಅದರ ಮಾತಿನ ಮೇಲೆ ಬಾಕ್ಸ್ ಒಳ್ಳೆಯದು, ಕೆಟ್ಟದ್ದು ಅಂತ ತೀರ್ಮಾನ ಮಾಡಲು ಆಗುವುದಿಲ್ಲ. ಬಾಕ್ಸ್ ಚೆನ್ನಾಗಿದ್ದರೆ ಅದರಿಂದ ಮಲ್ಟಿಮೀಟರ್ ಚೆಕ್ ಮಾಡಬೇಕು.

ಬಾಕ್ಸ್‌ಗೆ ಆ ಯೋಗ್ಯತೆ ಬರುವುದು ಒಳಗಿನ ತಂತಿಯಿಂದ. ಒಳ್ಳೆಯ ಬಾಕ್ಸ್‌ಗಳಲ್ಲಿ ಚಿಕ್ಕ ಓಂಗಳಿಗೆ ಮ್ಯಾಂಗನಿನ್ ತಂತಿ ಬಳಸುತ್ತಾರೆ. ತಾಮ್ರ 84, ಮ್ಯಾಂಗನೀಸ್ 12, ನಿಕಲ್ 4 ಭಾಗದ ಮಿಶ್ರಲೋಹ ಅದು. ಎಡ್ವರ್ಡ್ ವೆಸ್ಟನ್ ಎಂಬುವರು 19ನೇ ಶತಮಾನದ ಕೊನೆಯಲ್ಲಿ ಅದನ್ನು ರೂಪಿಸಿದರು. ತಾಮ್ರದ ರೋಧ ಒಂದು ಡಿಗ್ರಿಗೆ ಶೇಕಡಾ 0.39ರಷ್ಟು ಏರುತ್ತದೆ. ಮ್ಯಾಂಗನಿನ್‌ನದ್ದು ಕೋಣೆಯ ಬಿಸಿಯಲ್ಲಿ ಬಹುಮಟ್ಟಿಗೆ ನಿಂತಲ್ಲೇ ನಿಂತಿರುತ್ತದೆ. ಪಿಯುಸಿ ಲ್ಯಾಬ್‌ನ ಹಿತ್ತಾಳೆ ಪ್ಲಗ್ ಬಾಕ್ಸ್ ನೆನಪಿದೆಯಾ? ಪ್ಲಗ್ ಕಿತ್ತರೆ ಓಂ ಸೇರುತ್ತಿತ್ತು. ಹಾಕಿದ ಪ್ಲಗ್ ತಿರುಚಿ ಬಿಗಿಯಾಗಿ ಕೂರಿಸಿ ಅಂತ ಮೇಷ್ಟ್ರು ಪದೇ ಪದೇ ಹೇಳುತ್ತಿದ್ದದ್ದು ಇದೇ ಉಳಿಕೆಯ ಭಯಕ್ಕೆ. ಪ್ಲಗ್ ಹೋಗಿ ನಾಬ್ ಬಂದಿದೆ, ಕಾಂಟ್ಯಾಕ್ಟ್‌ನ ಸಮಸ್ಯೆ ಹಾಗೆಯೇ ಇದೆ.

ಈಗ ಮೆಗ್ಗರ್. ಬೇಡ. ನಿಮ್ಮ ಬಾಕ್ಸ್‌ನ ಸ್ವಿಚ್‌ಗಳು, ಟರ್ಮಿನಲ್‌ಗಳು ತಡೆಯುವ ವೋಲ್ಟೇಜ್ ಹಿಂದೆ ಬರೆದಿರುತ್ತದೆ. ಸಾಮಾನ್ಯ ಬಾಕ್ಸ್‌ಗಳಲ್ಲಿ ಅದು ಕೆಲವು ನೂರು ವೋಲ್ಟ್ ದಾಟುವುದಿಲ್ಲ. ಮೆಗ್ಗರ್ 500 ಅಥವಾ 1000 ವೋಲ್ಟ್ ಕೊಡುತ್ತದೆ. ಮೆಗಾಓಂ ನಾಬ್ ಇದೆ ಅನ್ನುವ ಕಾರಣಕ್ಕೆ ಅದು ಮೆಗ್ಗರ್‌ಗೆ ಆಗುತ್ತದೆ ಅಂತ ಅಲ್ಲ. ಒಳಗೆ ಕಿಡಿ ಹಾರಿ ರೆಸಿಸ್ಟರ್ ಕೆಡಬಹುದು, ನಾಬ್ ಹಿಡಿದ ಕೈಗೆ ಶಾಕ್ ಕೂಡ ಹೊಡೆಯಬಹುದು. ಅದಕ್ಕೆಂದೇ ಮಾಡಿದ ಹೈ ವೋಲ್ಟೇಜ್ ಬಾಕ್ಸ್‌ಗಳಿವೆ.

ಅರ್ತ್ ಟೆಸ್ಟರ್ ಚೆಕ್ ಮಾಡಬಹುದು. ನಾಲ್ಕು ಟರ್ಮಿನಲ್ ಇರುವ ಟೆಸ್ಟರ್ ಆದರೆ ಒಂದು ಕರೆಂಟ್, ಒಂದು ಪೊಟೆನ್ಷಿಯಲ್ ವೈರ್‌ಗಳನ್ನು ಬಾಕ್ಸ್‌ನ ಒಂದು ಟರ್ಮಿನಲ್‌ಗೆ, ಉಳಿದ ಜೋಡಿಯನ್ನು ಇನ್ನೊಂದಕ್ಕೆ ಹಾಕಿ. ವೈರ್‌ನ ರೋಧ ಲೆಕ್ಕದಿಂದ ಹೊರಗೆ ಹೋಗುತ್ತದೆ. ಬಾಕ್ಸ್‌ನ ಉಳಿಕೆ ಹೋಗುವುದಿಲ್ಲ. 10 ಓಂನಲ್ಲಿ 0.3 ಅಂದರೆ ಶೇಕಡಾ 3, 1 ಓಂನಲ್ಲಿ ಶೇಕಡಾ 30. ಉಳಿಕೆಯನ್ನು ಕಳೆದೇ ಹೋಲಿಸಿ. 1 ಓಂಗಿಂತ ಕೆಳಗೆ ಈ ಬಾಕ್ಸ್ ಬೇಡ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕಂದರೆ ಬಾಕ್ಸ್‌ಗಳು ಹೆಚ್ಚಾಗಿ ಸಾಯುವುದು ಹೀಗೆ. ಅದನ್ನು ಲೋಡ್ ಆಗಿ, ಅಂದರೆ ಸಪ್ಲೈನಿಂದ ಹೆಚ್ಚು ಕರೆಂಟ್ ಎಳೆಯಲು, ಬಳಸಬೇಡಿ. ಒಂದೊಂದು ಹೆಜ್ಜೆಗೆ 1 ವ್ಯಾಟ್ ಅಂತ ಬರೆದಿದ್ದರೆ, ಒಂದರ ನಾಬ್‌ನಲ್ಲಿ 1 ಆಂಪ್, ಹತ್ತರಲ್ಲಿ 316 ಮಿಲಿಆಂಪ್, ನೂರರಲ್ಲಿ 100, ಸಾವಿರದಲ್ಲಿ 32 ಮಿಲಿಆಂಪ್ ಮಾತ್ರ ಹರಿಸಬಹುದು. ಹಲವು ನಾಬ್ ಬಳಸಿದರೆ, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಓಂ ನಾಬ್‌ನ ಮಿತಿಯೇ ಇಡೀ ಬಾಕ್ಸ್‌ನ ಮಿತಿ. 100 ಓಂ ಇಟ್ಟು 24 ವೋಲ್ಟ್ ಕೊಟ್ಟರೆ 240 ಮಿಲಿಆಂಪ್ ಹರಿಯುತ್ತದೆ, 1 ವ್ಯಾಟ್‌ನ ರೆಸಿಸ್ಟರ್ ಮೇಲೆ 5.76 ವ್ಯಾಟ್ ಬೀಳುತ್ತದೆ. ಹೊಗೆ ಬಂದು ಸುಟ್ಟು ಹೋದರೆ ಒಳ್ಳೆಯದೇ, ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಎಷ್ಟೋ ಸಲ ಅದು ಸುಡುವುದಿಲ್ಲ. ಬಿಸಿಯಾಗಿ, ತಣ್ಣಗಾಗಿ, ಬೆಲೆ ಮಾತ್ರ ಶೇಕಡಾ ಅರ್ಧದಷ್ಟು ಕದಲಿ ಕೂರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಆಮೇಲೆ ಆ ಬಾಕ್ಸ್‌ನಿಂದ ಚೆಕ್ ಮಾಡಿದ ಪ್ರತಿ ಮೀಟರ್‌ಗೂ ಆ ತಪ್ಪು ಅಂಟಿಕೊಳ್ಳುತ್ತದೆ. ಅಳತೆಯನ್ನು ಕರೆಂಟ್ ರೂಪದಲ್ಲಿ ಕಳಿಸುವ 4ರಿಂದ 20 ಮಿಲಿಆಂಪ್ ಲೂಪ್‌ನಲ್ಲಿ 250 ಅಥವಾ 500 ಓಂ ಇಟ್ಟು ಟ್ರಾನ್ಸ್‌ಮಿಟರ್ ಎಷ್ಟು ಲೋಡ್ ಎಳೆಯುತ್ತದೆ ಅಂತ ನೋಡಲು ಮಾತ್ರ ಸುಮ್ನೆ ಬಳಸಿ, ಅಲ್ಲಿ ಬಿಸಿ ತೀರಾ ಕಡಿಮೆ. ಕರೆಂಟ್ ಇರುವ ಸರ್ಕ್ಯೂಟ್‌ಗೆ ಜೋಡಿಸುವಾಗ ನಾಬ್‌ಗಳು ಸೊನ್ನೆಯಲ್ಲಿ ಇರದಂತೆ ನೋಡಿಕೊಳ್ಳಿ.

ಕೊನೆಯ ಪ್ರಶ್ನೆ, ಕ್ಯಾಲಿಬ್ರೇಷನ್. ವರ್ಷಕ್ಕೊಮ್ಮೆ ಅನ್ನುವುದು ರೂಢಿ. ಎಷ್ಟು ದಿನಕ್ಕೊಮ್ಮೆ ಅಂತ ತೀರ್ಮಾನ ಮಾಡಬೇಕಾದವರು ಬಳಸುವ ನೀವು ಮತ್ತು ನಿಮ್ಮ ಕ್ವಾಲಿಟಿ ವಿಭಾಗ. ಮೊದಲ ಎರಡು ಮೂರು ವರ್ಷ ತಪ್ಪದೆ ಮಾಡಿಸಿ, ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಕದಲದಿದ್ದರೆ ಅವಧಿ ಹೆಚ್ಚಿಸುವ ಮಾತು ಆಡಬಹುದು. ಯಾರಾದರೂ ಲೋಡ್ ಹಾಕಿದ್ದು ಗೊತ್ತಾದರೆ ಅವಧಿಗೆ ಕಾಯಬೇಡಿ.

ಎನ್‌ಎಬಿಎಲ್ (ಕ್ಯಾಲಿಬ್ರೇಷನ್ ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೆ ಕೊಡಿ. ಕೊಡುವಾಗ ಸುಮ್ಮನೆ ಬಾಕ್ಸ್ ಒಪ್ಪಿಸಿ ಬರಬೇಡಿ, ಮೂರು ವಿಷಯ ಬರೆದು ಕೊಡಿ. ಸೊನ್ನೆ ಸ್ಥಾನದ ಉಳಿಕೆಯನ್ನು ನಾಲ್ಕು ವೈರ್‌ನಲ್ಲಿ ಅಳೆದು ಪ್ರತ್ಯೇಕವಾಗಿ ತೋರಿಸಿ ಅಂತ. ಉಳಿದ ಅಂಕಿಗಳಲ್ಲಿ ಆ ಉಳಿಕೆ ಕಳೆದಿದೆಯೋ ಇಲ್ಲವೋ ಸ್ಪಷ್ಟವಾಗಿ ಬರೆಯಿರಿ ಅಂತ. ನೀವು ನಿಜವಾಗಿ ಬಳಸುವ 100, 119.4, 127.8, 138.5ರ ಸ್ಥಾನಗಳಲ್ಲೇ ಅಳೆಯಿರಿ ಅಂತ. ಏನನ್ನೂ ಸರಿಪಡಿಸುವ ಮೊದಲು ಬಂದ ಸ್ಥಿತಿಯ ಅಂಕಿ ಕೂಡ ಕೇಳಿ. ಕಳೆದ ವರ್ಷ ನೀವು ಮಾಡಿದ ಕೆಲಸ ಸರಿಯಿತ್ತಾ ಅಂತ ಹೇಳುವುದು ಆ ಅಂಕಿ ಮಾತ್ರ. ಸರ್ಟಿಫಿಕೇಟ್‌ನ ಅನಿಶ್ಚಿತತೆ ಕಾಲಂ (ಲ್ಯಾಬ್‌ನ ಅಳತೆಯೇ ಎಷ್ಟು ಆಚೀಚೆ ಇರಬಹುದು ಅನ್ನುವುದು) ನೋಡಿ. ನಿಮ್ಮ ಮೀಟರ್ ಅರ್ಧ ಡಿಗ್ರಿಯೊಳಗೆ ಇರಬೇಕಾದರೆ ಅದು 0.19 ಓಂ. ಬಾಕ್ಸ್‌ನ ಅನಿಶ್ಚಿತತೆ ಅದರ ನಾಲ್ಕನೇ ಒಂದು ಭಾಗ, 0.05 ಓಂನೊಳಗೆ ಇರಲಿ. ಹೊಸದು ಕೊಳ್ಳುವ ಅವಕಾಶ ಬಂದರೆ 0.01 ಓಂ ನಾಬ್ ಇರುವುದನ್ನು, ಶೇಕಡಾ 0.02 ನಿಖರತೆಯದ್ದನ್ನು ಕೇಳಿ. 128 ಓಂನಲ್ಲಿ ಅದು 0.026 ಓಂ, ಒಂದು ಡಿಗ್ರಿಯ ಹದಿನೈದನೇ ಒಂದು ಭಾಗದಷ್ಟು.

ಆ ಲ್ಯಾಬ್‌ನ ಅಳತೆ ಮೇಲಕ್ಕೆ ಹೋಗುತ್ತಾ ಹೋಗುತ್ತಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೆಗೆ ಕೊಂಡಿ ಕೊಂಡಿಯಾಗಿ ಸೇರಿರುತ್ತದೆ. ಅಲ್ಲಿ ಓಂಗೆ ಆಧಾರ ಯಾವ ಸುರುಳಿಯೂ ಅಲ್ಲ, ಕ್ವಾಂಟಂ ಹಾಲ್ ಪರಿಣಾಮ (ತೀರಾ ತಂಪಿನಲ್ಲಿ, ಬಲವಾದ ಕಾಂತಕ್ಷೇತ್ರದಲ್ಲಿ ರೋಧ ನಿಗದಿತ ಅಂಕಿಗಳಲ್ಲೇ ನಿಲ್ಲುವುದು). 25,812.807 ಓಂ ಎಂಬ, ಪ್ರಕೃತಿಯೇ ಕೊಡುವ ಅಂಕಿ. ಅದನ್ನು ಕಂಡ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಡೇರಿಯ ಪ್ಯಾನೆಲ್ ಎದುರು ನೀವು ತಿರುಗಿಸುವ 127.8 ಆ ಅಂಕಿಗೆ ಸೇರುತ್ತದೆ, ನಡುವಿನ ಕೊಂಡಿ ಕಳಚದೆ ಇದ್ದರೆ. ನನಗೆ ಈ ಕೆಲಸದಲ್ಲಿ ಇಂದಿಗೂ ಖುಷಿ ಕೊಡುವ ವಿಷಯ ಇದು.

ನಾಳೆ ಪ್ಲಾಂಟ್ ನಿಂತಾಗ ಲಿಂಕ್ ಬಾಕ್ಸ್ ಕಡೆಗೆ ಬದಲಾಯಿಸಿ, 127.5ರಲ್ಲಿ ಏನು ಬಂತು ಅಂತ ಸೀನಿಯರ್‌ಗೂ ತೋರಿಸಿ. ಅಂಕಿ ಎದುರಿಗಿದ್ದರೆ ವಾದ ಬೇಕಾಗುವುದಿಲ್ಲ. ಮುಗಿದ ಮೇಲೆ ಸೆನ್ಸರ್‌ನ ಮೂರೂ ಸ್ಕ್ರೂ ಬಿಗಿ ಮಾಡಿ, ಬೈಪಾಸ್ ತೆಗೆದಿದ್ದೀರಾ ಅಂತ ಮತ್ತೊಮ್ಮೆ ನೋಡಿ. ಬಾಕ್ಸ್‌ನ ಉಳಿಕೆ ಎಷ್ಟು, ಯಾವ ದಿನ ಅಳೆದದ್ದು ಅಂತ ಒಂದು ಚೀಟಿ ಬರೆದು ಅದರ ಮುಚ್ಚಳದ ಒಳಗೆ ಅಂಟಿಸಿ.